ಮಿಣುಕುವ ಪರದೆಯನ್ನು ಓದುವುದು ಹೇಗೆ?

1981ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಮಾರುಕಟ್ಟೆಗೆ ಬಂದ ಬಿಬಿಸಿ ಮೈಕ್ರೋ ಎಂಬ ಗೃಹ ಕಂಪ್ಯೂಟರನ್ನು ಇವತ್ತಿನ ಚಪ್ಪಟೆ ಮಾನಿಟರಿಗೆ ಜೋಡಿಸಿದರೆ ಸಾಮಾನ್ಯವಾಗಿ ಮೂರರಲ್ಲಿ ಒಂದು ಆಗುತ್ತದೆ. ಪರದೆ ಕಪ್ಪಾಗಿಯೇ ಉಳಿಯುತ್ತದೆ. ಇಲ್ಲವೇ ಚಿತ್ರ ಬಂದು, ಹೋಗಿ, ಮತ್ತೆ ಬರುತ್ತದೆ. ಅದೂ ಅಲ್ಲದಿದ್ದರೆ ಚಿತ್ರ ನಿಲ್ಲುತ್ತದೆ, ಅಕ್ಷರಗಳು ಮಾತ್ರ ಚಳಿ ಹತ್ತಿದಂತೆ ಸಣ್ಣಗೆ ನಡುಗುತ್ತಿರುತ್ತವೆ. ನಲವತ್ತು ವರ್ಷದ ಹಳೆಯ ಯಂತ್ರ, ಕೆಟ್ಟಿರಬೇಕು ಎಂದು ನೋಡಿದವರು ತೀರ್ಮಾನಿಸಿಬಿಡುತ್ತಾರೆ. ಎಷ್ಟೋ ಸಲ ಅದು ಕೆಟ್ಟಿರುವುದೇ ಇಲ್ಲ. 1981ರಲ್ಲಿ ಏನು ಹೇಳುತ್ತಿತ್ತೋ ಇಂದೂ ಅದನ್ನೇ ಹೇಳುತ್ತಿದೆ, ಕೇಳಿಸಿಕೊಳ್ಳುವವರು ಬದಲಾಗಿದ್ದಾರೆ.

ಇದು ಹಳೆಯ ಯಂತ್ರಗಳ ಹವ್ಯಾಸಿಗಳಿಗೆ ಮಾತ್ರ ಸೇರಿದ ತಾಪತ್ರಯವಲ್ಲವೇ ಎಂದು ನೀವು ಕೇಳಬಹುದು. ಒಂದು ಉದಾಹರಣೆ ನೋಡಿ. 1086ರಲ್ಲಿ ಇಂಗ್ಲೆಂಡಿನ ದೊರೆ ಮಾಡಿಸಿದ ಭೂಮಿ-ಆಸ್ತಿಗಳ ಸಮೀಕ್ಷೆ 'ಡೂಮ್ಸ್‌ಡೇ ಪುಸ್ತಕ'. ಅದರ 900ನೇ ವರ್ಷದ ನೆನಪಿಗೆ 1986ರಲ್ಲಿ ಬಿಬಿಸಿ ಸಂಸ್ಥೆ ಸಾವಿರಾರು ಶಾಲೆಗಳಿಂದ ಊರೂರಿನ ವಿವರ, ಚಿತ್ರ ತರಿಸಿ ಲೇಸರ್ ಡಿಸ್ಕ್‌ಗಳಲ್ಲಿ ತುಂಬಿಸಿತು. ಅದನ್ನು ಓದಲು ಬಿಬಿಸಿ ಮಾಸ್ಟರ್ ಕಂಪ್ಯೂಟರ್, ವಿಶೇಷ ಪ್ಲೇಯರ್ ಎರಡೂ ಬೇಕಿದ್ದವು. ಇಪ್ಪತ್ತು ವರ್ಷ ತುಂಬುವ ಮೊದಲೇ ಆ ಡಿಸ್ಕ್‌ಗಳನ್ನು ಓದಿಸುವುದೇ ಒಂದು ಸಂಶೋಧನಾ ಯೋಜನೆಯಾಯಿತು. ಚರ್ಮದ ಹಾಳೆಯ ಮೇಲಿನ ಹಳೆಯ ಪುಸ್ತಕವನ್ನು ಈಗಲೂ ಕಣ್ಣಿನಿಂದಲೇ ಓದಬಹುದು. 1980ರ ದಶಕದ ಪತ್ರ, ಪಾಠ, ಲೆಕ್ಕ, ಆಟಗಳಲ್ಲಿ ಒಂದು ಭಾಗ ಇಂಥ ಯಂತ್ರಗಳ ಒಳಗಿದೆ. ಅವು ನಮಗೆ ಆಕರಗಳು. ಆಕರವನ್ನು ಓದಲು ಹೊರಟವರು ಮೊದಲು ಪರದೆಯ ಮಿಣುಕನ್ನು ಓದಲು ಕಲಿಯಬೇಕು.

ಅದಕ್ಕೆ ಟೆಲಿವಿಷನ್ನಿನ ಚರಿತ್ರೆಯತ್ತ ಹೊರಳಬೇಕು. ಮನೆಯ ಕಂಪ್ಯೂಟರ್ ಅಗ್ಗವಾಗಿರಬೇಕಿದ್ದರೆ ಅದಕ್ಕೆ ಪ್ರತ್ಯೇಕ ಪರದೆ ಇರುವಂತಿರಲಿಲ್ಲ. ಮನೆಯಲ್ಲಿ ಆಗಲೇ ಇದ್ದ ಟಿವಿಯೇ ಪರದೆಯಾಗಬೇಕಿತ್ತು. ಆ ಟಿವಿಗೆ ತನ್ನದೇ ತಾಳವಿತ್ತು. ಬ್ರಿಟನ್ನಿನ ಪಿಎಎಲ್ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ. ಸೆಕೆಂಡಿಗೆ 25 ಸಲ ಮಾತ್ರ ಬೆಳಗುವ ಪರದೆ ಕಣ್ಣಿಗೆ ಮಿಣುಕುತ್ತದೆ. ಹಾಗಾಗಿ ಪ್ರತಿ ಚಿತ್ರವನ್ನು ಎರಡು ಕಂತಿನಲ್ಲಿ ಬಿಡಿಸುತ್ತಿದ್ದರು: ಮೊದಲು ಬೆಸ ಗೆರೆಗಳು, ಆಮೇಲೆ ಸಮ ಗೆರೆಗಳು. ಒಂದೊಂದು ಕಂತಿಗೆ 312.5 ಗೆರೆ, ಸೆಕೆಂಡಿಗೆ 50 ಕಂತು. ಇದನ್ನೇ ಇಂಟರ್‌ಲೇಸ್ ಎನ್ನುತ್ತಾರೆ. ಎಲೆಕ್ಟ್ರಾನ್ ಕಿರಣ ಸೆಕೆಂಡಿಗೆ 15,625 ಸಲ ಎಡದಿಂದ ಬಲಕ್ಕೆ ಓಡುತ್ತಿತ್ತು. ಅದು ತಾಗಿದ ಕಡೆ ಫಾಸ್ಫರ್ ಲೇಪ ಹೊಳೆದು ಆರುತ್ತಿತ್ತು. ಚಿತ್ರವನ್ನು ಇಡಿಯಾಗಿ ಕೂಡಿಸುತ್ತಿದ್ದುದು ನೋಡುವವರ ಕಣ್ಣು.

ಅಂದರೆ ಹಳೆಯ ಕಂಪ್ಯೂಟರು ಪೂರ್ತಿ ಚಿತ್ರವನ್ನು ಎಂದೂ ಕಳಿಸಲಿಲ್ಲ. 'ಈ ಗಳಿಗೆಯಲ್ಲಿ ಬೆಳಕು, ಈ ಗಳಿಗೆಯಲ್ಲಿ ಕತ್ತಲು, ಈಗ ಹೊಸ ಗೆರೆ' ಎಂಬ ಸೂಚನೆಗಳನ್ನು ಕಳಿಸುತ್ತಿತ್ತು. 1980ರಲ್ಲಿ ಬಂದ ಸಿಂಕ್ಲೇರ್ ಜೆಡ್‌ಎಕ್ಸ್ 80ರಲ್ಲಿ ಈ ಕೆಲಸಕ್ಕೆ ಪ್ರತ್ಯೇಕ ಚಿಪ್ ಕೂಡ ಇರಲಿಲ್ಲ. ಲೆಕ್ಕ ಮಾಡುವ ಪ್ರೊಸೆಸರೇ ಚಿತ್ರವನ್ನೂ ಕಳಿಸಬೇಕಿತ್ತು. ಒಂದು ಕೀಲಿ ಒತ್ತಿದರೆ ಅದನ್ನು ಗಮನಿಸಲು ಪ್ರೊಸೆಸರ್ ಚಿತ್ರ ಬಿಟ್ಟು ಹೋಗುತ್ತಿತ್ತು, ಪರದೆ ಒಮ್ಮೆ ಹಾರಿ ಮರಳುತ್ತಿತ್ತು. ಜೆಡ್‌ಎಕ್ಸ್ 80ರಲ್ಲಿ ಹಾಗೆ ಹಾರುವುದು ರೋಗವಲ್ಲ, ಸ್ವಭಾವ. ಮರುವರ್ಷದ ಜೆಡ್‌ಎಕ್ಸ್ 81ರಲ್ಲಿ 'ಸ್ಲೋ' ಎಂಬ ವಿಧಾನ ಬಂತು: ಲೆಕ್ಕ ನಿಧಾನವಾಯಿತು, ಚಿತ್ರ ನಿಂತಿತು.

ಈ ಕಥೆಯಲ್ಲಿ ಭಾರತವೂ ಇದೆ. ನಮ್ಮ ದೂರದರ್ಶನವೂ 625 ಗೆರೆಯದು. 1982ರಲ್ಲಿ ಬಣ್ಣ ಬಂದಾಗ ಆರಿಸಿಕೊಂಡದ್ದು ಪಿಎಎಲ್. 1984ರಲ್ಲಿ ಶಾಲೆಗಳಿಗಾಗಿ ಆರಂಭವಾದ 'ಕ್ಲಾಸ್' ಯೋಜನೆಯಲ್ಲಿ ನಮ್ಮ ಮಕ್ಕಳ ಮುಂದೆ ಬಂದ ಯಂತ್ರವೂ ಬಿಬಿಸಿ ಮೈಕ್ರೋ. ತಾಳ ಒಂದೇ ಆದ್ದರಿಂದ ಅದು ಇಲ್ಲಿಯ ಪರದೆಗಳಿಗೂ ಒಗ್ಗಿತು. ಆ ಕಾಲದ ಟಿವಿ ಹೊಂದಿಕೊಳ್ಳುವ ಜೀವಿ ಕೂಡ. ಸೂಚನೆ ತುಸು ಹಿಂದೆಮುಂದೆ ಆದರೂ ಚಿತ್ರ ಹಿಡಿಯುತ್ತಿತ್ತು. ಚಿತ್ರ ಮೇಲಕ್ಕೆ ಉರುಳತೊಡಗಿದರೆ 'ವರ್ಟಿಕಲ್ ಹೋಲ್ಡ್' ಗುಂಡಿಯನ್ನು ತಿರುಗಿಸಿ ನಿಲ್ಲಿಸುತ್ತಿದ್ದುದು ಮನೆಯ ಹಿರಿಯರಿಗೆ ನೆನಪಿರಬಹುದು.

1987ರಲ್ಲಿ ಐಬಿಎಂನ ವಿಜಿಎ ಬಂದ ಮೇಲೆ ದಾರಿ ಕವಲೊಡೆಯಿತು. ಅದರ ಗೆರೆಗಳ ವೇಗ ಟಿವಿಯ ಎರಡರಷ್ಟು, ಸೆಕೆಂಡಿಗೆ ಸುಮಾರು 31,500. ಮುಂದಿನ ಕಂಪ್ಯೂಟರ್ ಮಾನಿಟರುಗಳಲ್ಲಿ ಹೆಚ್ಚಿನವು 15,625ರ ವೇಗವನ್ನು ಮರೆತೇಬಿಟ್ಟವು. ಎಲ್‌ಸಿಡಿ ಬಂದಾಗ ಕಿರಣವೇ ಇಲ್ಲವಾಯಿತು. ಹೊಸ ಪರದೆ ಬಂದ ಸೂಚನೆಗಳನ್ನು ಅಳೆದು, ಅಂಕಿಗಳಾಗಿ ಬದಲಿಸಿ, ಇಡೀ ಚಿತ್ರ ಕಟ್ಟಿ ಆಮೇಲೆ ತೋರಿಸುತ್ತದೆ. ಕಣ್ಣು ಮಾಡುತ್ತಿದ್ದ ಕೆಲಸವನ್ನು ಈಗ ಒಂದು ಚಿಪ್ ಊಹೆಯ ಮೇಲೆ ಮಾಡುತ್ತದೆ.

ಹಾಗಾದರೆ ಮಿಣುಕು ಕಂಡಾಗ ಏನು ಮಾಡಬೇಕು? ನಾನು ಅದನ್ನು ಮೂರು ಬಗೆಯಾಗಿ ವಿಂಗಡಿಸಿಕೊಳ್ಳುತ್ತೇನೆ.

ಮೊದಲನೆಯದು ನಿಜವಾದ ಕೇಡು. ಸಡಿಲ ಪ್ಲಗ್, ತುಕ್ಕು ಹಿಡಿದ ಕೇಬಲ್, ಒಣಗಿದ ಕೆಪಾಸಿಟರ್. ಕೇಬಲ್ ಅಲುಗಾಡಿಸಿದಾಗ ಚಿತ್ರ ಬದಲಾದರೆ ದೋಷ ಅಲ್ಲಿದೆ. ನಸುಗಪ್ಪು ಪಟ್ಟಿಯೊಂದು ನಿಧಾನವಾಗಿ ಮೇಲೆ ಕೆಳಗೆ ಚಲಿಸುತ್ತಿದ್ದರೆ ವಿದ್ಯುತ್ ಪೂರೈಕೆಯನ್ನು ಶಂಕಿಸಬೇಕು. ಆ ಭಾಗವನ್ನು ಬಿಚ್ಚುವುದು ತಿಳಿದವರ ಕೆಲಸ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಅಪಾಯಕರ ವಿದ್ಯುತ್ ಉಳಿದಿರಬಹುದು.

ಎರಡನೆಯದು ತಪ್ಪು ತಿಳಿವಳಿಕೆ. ಸ್ಪೆಕ್ಟ್ರಮ್, ಕೊಮೊಡೋರ್ 64 ಮೊದಲಾದ ಯಂತ್ರಗಳ ಪಿಎಎಲ್ ಮಾದರಿಗಳು ಅರ್ಧ ಗೆರೆಯನ್ನು ಬಿಟ್ಟು 312 ಗೆರೆಗಳ ಕಂತನ್ನೇ ಮತ್ತೆ ಮತ್ತೆ ಕಳಿಸುತ್ತಿದ್ದವು. ಹಳೆಯ ಟಿವಿಗೆ ಅದರಿಂದ ತೊಂದರೆ ಇರಲಿಲ್ಲ. ಹೊಸ ಟಿವಿಗಳಲ್ಲಿ ಅನೇಕವು ಇದನ್ನು ಇಂಟರ್‌ಲೇಸ್ ಎಂದೇ ಭಾವಿಸಿ, ಬೇರೆ ಬೇರೆಯಾದ ಎರಡು ಕಂತುಗಳನ್ನು ಹೆಣೆದು ಒಂದು ಚಿತ್ರ ಮಾಡುತ್ತವೆ, ಅಂಚುಗಳು ನಡುಗುತ್ತವೆ. ವೇಗದ ವ್ಯತ್ಯಾಸವೂ ಇದೆ. 50 ಕಂತುಗಳನ್ನು 60ರ ಪರದೆಗೆ ಹೊಂದಿಸಲು ಪ್ರತಿ ಐದರಲ್ಲಿ ಒಂದನ್ನು ಎರಡು ಸಲ ತೋರಿಸಬೇಕು. ನಿಂತ ಬರಹಕ್ಕೆ ತೊಂದರೆಯಿಲ್ಲ, ಚಲಿಸುವ ಚಿತ್ರ ಮುಗ್ಗರಿಸುತ್ತದೆ. 48ಕೆ ಸ್ಪೆಕ್ಟ್ರಮ್‌ನ ನಿಜವಾದ ವೇಗ 50.08. ಪರದೆ ಸರಿಯಾಗಿ 50ಕ್ಕೇ ನಿಂತಿದ್ದರೆ ಸುಮಾರು 12 ಸೆಕೆಂಡಿಗೊಮ್ಮೆ ಒಂದು ಕಂತು ಬಿದ್ದುಹೋಗುತ್ತದೆ. ಬಿಬಿಸಿ ಮೈಕ್ರೋದ ಕಥೆ ಬೇರೆ: ಅದು ಒಂದೇ ಚಿತ್ರವನ್ನು ಎರಡೂ ಕಂತಿನಲ್ಲಿ ಅರ್ಧ ಗೆರೆ ಸರಿಸಿ ಕಳಿಸುತ್ತದೆ, ಅದರಿಂದಲೇ ಆ ನಡುಕ. '*ಟಿವಿ 0,1' ಎಂದು ಆದೇಶ ಕೊಟ್ಟು ಮೋಡ್ ಬದಲಿಸಿದರೆ ಇಂಟರ್‌ಲೇಸ್ ನಿಲ್ಲುತ್ತದೆ.

ಆದರೆ ಮೋಡ್ 7ರಲ್ಲಿ ಈ ಆದೇಶ ನಡೆಯುವುದಿಲ್ಲ. ಅದು ಟೆಲಿಟೆಕ್ಸ್ಟ್ ಅಕ್ಷರಗಳ ಮೋಡ್. ಅಲ್ಲಿಯ ಅಕ್ಷರದ ಓರೆ ಗೆರೆಗಳನ್ನು ನಯಗೊಳಿಸುವ ಚುಕ್ಕೆಗಳು ಎರಡು ಕಂತುಗಳಲ್ಲಿ ಹಂಚಿಹೋಗಿವೆ. ಒಂದು ಕಂತನ್ನು ತೆಗೆದರೆ ಅಕ್ಷರದ ಆಕಾರವೇ ಮುಕ್ಕಾಗುತ್ತದೆ.

ಇಲ್ಲಿಗೆ ಮೂರನೆಯ ಬಗೆ ಬಂತು: ಕೃತಿಗೇ ಸೇರಿದ ಮಿಣುಕು. ಗೃಹ ಕಂಪ್ಯೂಟರಿನ ಸೋದರಸಂಬಂಧಿಯಾದ ಅಟಾರಿ 2600 ಆಟದ ಯಂತ್ರಕ್ಕೆ 1982ರಲ್ಲಿ ಪ್ಯಾಕ್‌ಮ್ಯಾನ್ ಬಂತು. ಅದರ ನಾಲ್ಕು ದೆವ್ವಗಳನ್ನು ಒಟ್ಟಿಗೆ ತೋರಿಸಲು ಆಗದೆ, ಸರದಿಯಂತೆ ಕಂತಿಗೊಂದು ದೆವ್ವವನ್ನು ತೋರಿಸಿದರು. ಅಮೆರಿಕದ ಟಿವಿಯಲ್ಲಿ ಸೆಕೆಂಡಿಗೆ 60 ಕಂತು, ಅಂದರೆ ಪ್ರತಿ ದೆವ್ವಕ್ಕೆ 15 ದರ್ಶನ. ಪರದೆಯ ಮೇಲೆ ಅವು ಮಸುಕಾಗಿ ಮಿಣುಕುತ್ತಿದ್ದವು. ಆಗಿನವರು ಅದನ್ನು ಗೇಲಿಯೂ ಮಾಡಿದರು. ಈಗ ಇದನ್ನು ಸೆಕೆಂಡಿಗೆ 30 ಚಿತ್ರಗಳ ವಿಡಿಯೋ ಆಗಿ ಮುದ್ರಿಸಿಕೊಳ್ಳಿ. ಒಂದು ಬಿಟ್ಟು ಒಂದು ಕಂತು ಮಾತ್ರ ದಾಖಲಾಗುವುದರಿಂದ ಎರಡು ದೆವ್ವಗಳು ಕಾಣುತ್ತವೆ, ಇನ್ನೆರಡು ಪೂರ್ತಿ ಮಾಯ. ಆ ವಿಡಿಯೋವನ್ನೇ ನಂಬಿದ ಮುಂದಿನ ಸಂಶೋಧಕರು ಈ ಆಟದಲ್ಲಿ ಎರಡೇ ದೆವ್ವ ಇದ್ದವು ಎಂದು ಬರೆದರೆ ತಪ್ಪು ಯಾರದು?

ಹಳಗನ್ನಡ ಕಾವ್ಯಗಳ ಓಲೆಪ್ರತಿಗಳನ್ನು ಸಂಪಾದಿಸುವವರಿಗೆ ಈ ಇಕ್ಕಟ್ಟು ಹೊಸದಲ್ಲ. ಇದು ಲಿಪಿಕಾರನ ಕೈತಪ್ಪೋ, ಓಲೆಗೆ ಹುಳು ಹಿಡಿದದ್ದೋ, ಕವಿಯದೇ ಪ್ರಯೋಗವೋ? ಪಾಠವನ್ನು ತಿದ್ದಿದರೂ ಒಳ್ಳೆಯ ಸಂಪಾದಕರು ಮೂಲದಲ್ಲಿ ಇದ್ದುದನ್ನು ಅಡಿಯಲ್ಲಿ ಕಾಣಿಸುತ್ತಾರೆ. ಹಳೆಯ ಯಂತ್ರಗಳನ್ನು ಕಾಪಾಡುವವರೂ ಯಾವ ಯಂತ್ರ, ಯಾವ ಮೋಡ್, ಯಾವ ಪರಿವರ್ತಕ, ಇಂಟರ್‌ಲೇಸ್ ಇತ್ತೇ ಇಲ್ಲವೇ, ಮುದ್ರಣದ ವೇಗ ಎಷ್ಟು ಎಂದು ಚಿತ್ರದ ಜೊತೆಗೇ ಬರೆದಿಡಬೇಕು. ನಾಲ್ಕು ಸಾಲಿನ ಕೆಲಸ. ಅದಿಲ್ಲದಿದ್ದರೆ ಸ್ವಚ್ಛವಾಗಿ ನಿಂತ ಚಿತ್ರವೂ ಸುಳ್ಳು ಹೇಳಬಹುದು.

ಬಿಬಿಸಿ ಮೈಕ್ರೋದ ನಡುಕಕ್ಕೆ ಈಗ ಒಳ್ಳೆಯ ಪರಿಹಾರವಿದೆ. ಆರ್‌ಜಿಬಿ ಟು ಎಚ್‌ಡಿಎಂಐ ಎಂಬ ಪುಟ್ಟ ಪರಿವರ್ತಕ ಯಂತ್ರದ ತಾಳಕ್ಕೇ ಕಿವಿಗೊಟ್ಟು, ಚುಕ್ಕೆಚುಕ್ಕೆಯಾಗಿ ಅಳೆದು ಹೊಸ ಪರದೆಗೆ ಕಳಿಸುತ್ತದೆ. ಅದರೊಳಗೆ ಇರುವುದು ರಾಸ್ಪ್‌ಬೆರಿ ಪೈ ಝೀರೋ. ಅದರ ಪ್ರೊಸೆಸರ್ ಎಆರ್‌ಎಂ ವಂಶದ್ದು. ಮೊದಲ ಎಆರ್‌ಎಂ ಚಿಪ್ 1985ರಲ್ಲಿ ತಯಾರಾಗಿ ಬಂದಾಗ ಅದನ್ನು ಬಿಬಿಸಿ ಮೈಕ್ರೋಗೆ ಜೋಡಿಸಿಯೇ ಓಡಿಸಿದರು. ಅದನ್ನು ವಿನ್ಯಾಸ ಮಾಡಿದ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಬಿಬಿಸಿ ಮೈಕ್ರೋವನ್ನು ಕಟ್ಟಿದವರೂ ಹೌದು. ಹೊಸ ಕಾಲಕ್ಕೆ ಅರ್ಥವಾಗದ ಅಜ್ಜನ ಮಾತನ್ನು ಮೊಮ್ಮಗ ಪಕ್ಕದಲ್ಲಿ ಕೂತು ಬಿಡಿಸಿ ಹೇಳುತ್ತಿದ್ದಾನೆ. ಹೇಳುವಾಗ ಅವನು ಎಲ್ಲಿ ಏನನ್ನು ಸೇರಿಸಿದ, ಏನನ್ನು ಬಿಟ್ಟ ಎಂದು ಗುರುತು ಹಾಕಿಕೊಳ್ಳುವುದು ಕೇಳುತ್ತ ಕೂತ ನಮ್ಮ ಕೆಲಸ.