ಲೋಹಗಳು ಹರಳುಗಟ್ಟುವುವೆಂಬ ಮತದ ಚರಿತ್ರೆ

ಮುರಿದ ಕಬ್ಬಿಣದ ಮೈಯನ್ನು ನೋಡಿ ಅದರ ಗುಣವನ್ನು ನಿರ್ಣಯಿಸುವುದು ಬಹುಕಾಲದಿಂದ ಬಂದ ಪದ್ಧತಿ. ಮುರಿವು ನಾರುನಾರಾಗಿದ್ದರೆ ಕಬ್ಬಿಣ ಬಾಳತಕ್ಕುದು; ಹರಳುಹರಳಾಗಿ ಹೊಳೆದರೆ ಪೆಡಸಾದುದು. ಈ ಅನುಭವದ ಮೇಲೆ ಹತ್ತೊಂಬತ್ತನೆಯ ಶತಮಾನದ ಯೂರೋಪಿನ ಯಂತ್ರಶಿಲ್ಪಿಗಳಲ್ಲಿ ಅನೇಕರು ಒಂದು ಮತವನ್ನು ಕಟ್ಟಿದರು. ನಾರಿನ ರಚನೆಯುಳ್ಳ ಕಬ್ಬಿಣವು ಎಡೆಬಿಡದ ಅದುರುವಿಕೆಯಿಂದ ಕಾಲಕ್ರಮದಲ್ಲಿ ಹರಳುಗಟ್ಟುತ್ತದೆ, ಹಾಗೆ ಹರಳುಗಟ್ಟಿದ ಕಬ್ಬಿಣವು ಮುರಿಯುತ್ತದೆ ಎಂಬುದೇ ಆ ಮತ. ಇದು ಹೇಗೆ ತಿರಸ್ಕೃತವಾಯಿತು, ತಿರಸ್ಕೃತವಾದ ಮೇಲೆಯೂ ಇದರ ಒಂದಂಶವು ಎಲ್ಲಿ ಮರಳಿ ತಲೆದೋರಿತು ಎಂಬುದು ಪರಿಶೀಲನಾರ್ಹವಾದ ವಿಷಯ.

ಈ ಚರ್ಚೆ ಬರಿಯ ಪಂಡಿತರ ವಾದವಾಗಿರಲಿಲ್ಲ. ಕ್ರಿ. ಶ. ೧೮೪೨ನೆಯ ಮೇ ೮ರಂದು ವರ್ಸೇಲ್ಸಿನ ಉತ್ಸವವನ್ನು ನೋಡಿಕೊಂಡು ಜನರು ಪ್ಯಾರಿಸಿಗೆ ಹಿಂದಿರುಗುತ್ತಿದ್ದಾಗ, ಮ್ಯೂಡೋನಿನ ಬಳಿ ಮುಂದಿನ ಉಗಿಯಂತ್ರದ ಗಾಲಿಗಳ ಅಚ್ಚು ಮುರಿದುಬಿದ್ದಿತು. ಹಿಂದಿನ ಬಂಡಿಗಳು ಅದರ ಮೇಲೇರಿ ಬೆಂಕಿ ಹತ್ತಿಕೊಂಡಿತು. ಬಂಡಿಗಳ ಬಾಗಿಲುಗಳಿಗೆ ಬೀಗ ಹಾಕಿದ್ದುದರಿಂದ ಒಳಗಿದ್ದವರು ಹೊರಬರಲಾರದೆಹೋದರು. ೫೦ಕ್ಕೂ ಹೆಚ್ಚು ಜನರು ಮಡಿದರು. ದಕ್ಷಿಣ ಧ್ರುವ ಪ್ರದೇಶವನ್ನು ಶೋಧಿಸಿ ಬಂದಿದ್ದ ನಾವಿಕ ದ್ಯೂಮೋನ್ ದ್ಯೂರ್ವಿಲ್ಲನೂ ಅವರಲ್ಲೊಬ್ಬನು. ಬಹುದಿನ ಓಡಿದ ಅಚ್ಚು ಮುನ್ಸೂಚನೆಯಿಲ್ಲದೆ ಏಕೆ ಮುರಿಯುತ್ತದೆ ಎಂಬ ಪ್ರಶ್ನೆ ಅಂದಿನಿಂದ ತೀವ್ರವಾಯಿತು.

ಮರುವರ್ಷ, ೧೮೪೩ರಲ್ಲಿ, ರ‍್ಯಾಂಕಿನ್ ಎಂಬ ತರುಣ ಶಿಲ್ಪಿಯು ಲಂಡನ್ನಿನ ಶಿಲ್ಪಿಗಳ ಸಂಸ್ಥೆಗೆ ಒಂದು ಲೇಖನವನ್ನು ಒಪ್ಪಿಸಿದನು. ಅಚ್ಚಿನ ಗಾತ್ರ ಥಟ್ಟನೆ ಬದಲಾಗುವ ಮೂಲೆಯಲ್ಲಿ ಬಿರುಕು ಹುಟ್ಟಿ, ಸುತ್ತಲಿಂದ ಒಳಕ್ಕೆ ಮೆಲ್ಲಮೆಲ್ಲನೆ ಹಬ್ಬುವುದೆಂದೂ, ಉಳಿದ ಕಬ್ಬಿಣವು ತನ್ನ ನಾರಿನ ಗುಣವನ್ನು ಕಳೆದುಕೊಂಡಿರುವುದಿಲ್ಲವೆಂದೂ ಅವನು ತೋರಿಸಿದನು. ಆ ಮೂಲೆಯನ್ನು ಬಾಗಿದ ರೇಖೆಯಾಗಿ ತಿದ್ದಬೇಕೆಂಬುದು ಅವನ ಸೂಚನೆ. ಆದರೂ ಹಳೆಯ ಮತ ಬೇಗನೆ ಅಳಿಯಲಿಲ್ಲ. ಮುರಿದ ಅಚ್ಚಿನಲ್ಲಿ ಹರಳು ಕಣ್ಣಿಗೇ ಕಾಣುತ್ತಿದ್ದಿತು.

ಆ ಕಣ್ಣಿನ ಸಾಕ್ಷ್ಯವನ್ನು ತಿದ್ದಿದುದು ಸೂಕ್ಷ್ಮದರ್ಶಕ. ಶೆಫೀಲ್ಡಿನ ಹೆನ್ರಿ ಸಾರ್ಬಿಯು ೧೮೬೩ರಿಂದ ಕಬ್ಬಿಣವನ್ನು ಕನ್ನಡಿಯಂತೆ ಉಜ್ಜಿ, ಆಮ್ಲದಿಂದ ಲಘುವಾಗಿ ಕೊರೆದು ಪರೀಕ್ಷಿಸಿದನು. ಮುರಿಯದಿದ್ದ ಒಳ್ಳೆಯ ಕಬ್ಬಿಣವೂ ಹರಳುಗಳ ಒಟ್ಟಿಲೇ ಎಂಬುದು ಇಂತಹ ಪರೀಕ್ಷೆಗಳಿಂದ ಸ್ಪಷ್ಟವಾಯಿತು. ನಾರಿನ ತೋರಿಕೆ ಒಳಗುಳಿದ ಕಿಟ್ಟದ ಎಳೆಗಳಿಂದ ಬಂದುದು. ೧೯೦೩ರಲ್ಲಿ ಯೂಯಿಂಗ್ ಮತ್ತು ಹಂಫ್ರಿ ಎಂಬವರು ಕಬ್ಬಿಣವನ್ನು ಮತ್ತೆ ಮತ್ತೆ ಹಿಂದುಮುಂದಾಗಿ ಬಗ್ಗಿಸಿ, ಹರಳುಗಳೊಳಗೆ ಜಾರುಗೆರೆಗಳು ಮೂಡಿ, ಅವು ಅಗಲವಾಗಿ, ಕಡೆಗೆ ಬಿರುಕಾಗುವುದನ್ನು ಕಂಡರು. ಹೊಸ ಹರಳು ಹುಟ್ಟಲಿಲ್ಲ. ಹಳೆಯ ಮತ ಇಲ್ಲಿಗೆ ಬಿದ್ದುಹೋಯಿತು.

ಹಾಗಾದರೆ ಹರಳು ಬೆಳೆಯುವುದೇ ಇಲ್ಲವೆ? ಬೆಳೆಯುತ್ತದೆ, ಆದರೆ ಅದಕ್ಕೆ ಸಾಮಾನ್ಯವಾಗಿ ಕಾವು ಬೇಕು. ಎರಡು ಹರಳುಗಳ ನಡುವಣ ಎಲ್ಲೆಯಲ್ಲಿ ಪರಮಾಣುಗಳು ಕ್ರಮತಪ್ಪಿ ನಿಂತಿರುವುದರಿಂದ ಅಲ್ಲಿ ಹೆಚ್ಚಿನ ಶಕ್ತಿ ಅಡಗಿರುತ್ತದೆ. ಎಲ್ಲೆಗಳು ಕಡಮೆಯಾದಷ್ಟೂ ಲೋಹಕ್ಕೆ ನೆಮ್ಮದಿ. ಆದುದರಿಂದ ಕಾಸಿದಾಗ ದೊಡ್ಡ ಹರಳುಗಳು ಚಿಕ್ಕವನ್ನು ನುಂಗಿ ಬೆಳೆಯುತ್ತವೆ. ೧೯೪೮ರಲ್ಲಿ ಸಿರಿಲ್ ಸ್ಟ್ಯಾನ್ಲಿ ಸ್ಮಿತ್ತನು ಈ ವ್ಯಾಪಾರವನ್ನು ಸಾಬೂನಿನ ನೊರೆಗೆ ಹೋಲಿಸಿ ವಿವರಿಸಿದನು. ಸಮತಲದ ನೊರೆಯಲ್ಲಿ ಆರಕ್ಕಿಂತ ಹೆಚ್ಚು ಬದಿಗಳುಳ್ಳ ಗುಳ್ಳೆ ಬೆಳೆಯುವುದೆಂದೂ, ಕಡಮೆಯುಳ್ಳದ್ದು ಕುಗ್ಗುವುದೆಂದೂ ೧೯೫೨ರಲ್ಲಿ ಫಾನ್ ನಾಯ್ಮನ್ನನು ಗಣಿತದಿಂದ ಸಾಧಿಸಿದನು. ೧೯೫೬ರಲ್ಲಿ ಮಲಿನ್ಸನು ಅದನ್ನು ಲೋಹಗಳ ಎಲ್ಲೆಗಳಿಗೆ ಅನ್ವಯಿಸಿದನು.

ಇದೇ ಕಾಲದಲ್ಲಿ, ೧೯೫೧ರಲ್ಲಿ ಹಾಲ್ ಎಂಬವನೂ ೧೯೫೩ರಲ್ಲಿ ಪೆಚ್ ಎಂಬವನೂ, ಹರಳು ಸಣ್ಣದಾದಷ್ಟೂ ಲೋಹ ಬಲವಾಗುವುದೆಂಬ ನಿಯಮವನ್ನು ಸ್ಥಾಪಿಸಿದರು. ಈ ನಿಯಮವನ್ನು ಅನುಸರಿಸಿ ಹೋದರೆ ಅತಿಸೂಕ್ಷ್ಮವಾದ ಹರಳೇ ಅತ್ಯುತ್ತಮವಾಗಬೇಕು. ೧೯೮೦ರ ದಶಕದಲ್ಲಿ ಜರ್ಮನಿಯ ಸಾರ್‌ಬ್ರೂಕನ್ನಿನಲ್ಲಿ ಗ್ಲೈಟರನು ಲೋಹವನ್ನು ಆವಿಮಾಡಿ, ಜಡಾನಿಲದಲ್ಲಿ ಪುಡಿಯಾಗಿ ಘನೀಭವಿಸಿ, ಒತ್ತಿ, ೧೦೦ ನ್ಯಾನೋಮೀಟರಿಗಿಂತ ಕಿರಿದಾದ ಹರಳುಗಳ ಲೋಹವನ್ನು ಸಿದ್ಧಪಡಿಸಿದನು. ಆದರೆ ಹರಳಿನ ಅಡ್ಡಳತೆ ಸಾವಿರದಲ್ಲೊಂದು ಪಾಲಾದರೆ ಅಷ್ಟೇ ಗಾತ್ರದ ಲೋಹದಲ್ಲಿ ಎಲ್ಲೆಗಳ ವಿಸ್ತಾರ ಸಾವಿರ ಮಡಿಯಾಗುತ್ತದೆ. ಬೆಳೆಯುವ ಒತ್ತಾಯವೂ ಅದರೊಡನೆ ಹೆಚ್ಚುತ್ತದೆ. ಬಲವನ್ನು ಕೊಟ್ಟ ಕಾರಣವೇ ಅಸ್ಥಿರತೆಯ ಕಾರಣವೂ ಆಯಿತು. ಇಂತಹ ತಾಮ್ರದಲ್ಲಿ ಕಾಸದೆಯೇ, ಕೊಠಡಿಯ ಉಷ್ಣತೆಯಲ್ಲಿಯೇ, ಹರಳುಗಳು ಬೆಳೆದುದು ೧೯೯೪ರಲ್ಲಿ ಪ್ರಕಟವಾಯಿತು.

ಮುಂದಿನ ಶೋಧನೆ ಇನ್ನೂ ವಿಚಿತ್ರವಾದುದು. ೨೦೦೫ರಲ್ಲಿ ದ್ರವಸಾರಜನಕದಷ್ಟು ತಣ್ಣನೆಯ ತಾಮ್ರದಲ್ಲಿಯೂ ಮೊನೆಯನ್ನು ಒತ್ತಿದೆಡೆ ಹರಳು ಬೆಳೆದುದು ಕಂಡುಬಂದಿತು. ೨೦೧೧ರಲ್ಲಿ ಬಾಯ್ಸ್ ಮತ್ತು ಪಡಿಲ್ಲಾ ಎಂಬವರು ನ್ಯಾನೋಸ್ಫಟಿಕದ ನಿಕ್ಕಲ್ ಮಿಶ್ರಲೋಹಗಳನ್ನು ಮರುಮರಳಿ ಎಳೆದು ಪರೀಕ್ಷಿಸಿದಾಗ, ಬಿರುಕು ಹುಟ್ಟಿದ ಎಡೆಯಲ್ಲಿ ಸುತ್ತಲಿನವಕ್ಕಿಂತ ಬಹು ದೊಡ್ಡದಾಗಿ ಬೆಳೆದ ಹರಳುಗಳನ್ನು ಕಂಡರು. ೧೮೪೨ರ ಶಿಲ್ಪಿಗಳು ಹೇಳಿದ್ದುದೂ ಮೇಲುನೋಟಕ್ಕೆ ಇದನ್ನೇ ಅಲ್ಲವೆ?

ಇದರಿಂದ ಹಳೆಯ ಮತ ಸಮರ್ಥಿತವಾಯಿತೆಂದು ಭಾವಿಸುವುದು ಯುಕ್ತವಲ್ಲ. ಹರಳಿಲ್ಲದ ಕಬ್ಬಿಣ ಹರಳಾಗುವುದೆಂಬುದು ಅವರ ಅಭಿಪ್ರಾಯ; ಇದ್ದ ಹರಳುಗಳ ಎಲ್ಲೆ ಸರಿಯುವುದೆಂಬುದು ಇಂದಿನ ತಿಳಿವು. ಮ್ಯೂಡೋನಿನ ಅಚ್ಚಿಗೆ ರ‍್ಯಾಂಕಿನ್ನನ ನಿರ್ಣಯವೇ ಸಲ್ಲುತ್ತದೆ. ಆದರೆ ೧೯೦೩ರ ನಿರ್ಣಯವು ಆ ಕಾಲದ ಲೋಹಗಳಿಗೆ ಸತ್ಯವಾಗಿದ್ದು, ಅಂದು ಇಲ್ಲದಿದ್ದ ಲೋಹಕ್ಕೆ ಪೂರ್ಣವಾಗಿ ಸಲ್ಲಲಿಲ್ಲವೆಂಬುದೂ ಅಷ್ಟೇ ನಿಜ. ಈಗ ಶಾಸ್ತ್ರಜ್ಞರ ಯತ್ನವು ಎಲ್ಲೆಗಳನ್ನು ನಿಲ್ಲಿಸುವುದರಲ್ಲಿದೆ. ೨೦೧೨ರಲ್ಲಿ ಅಮೆರಿಕದ ಶೂ ಮತ್ತು ಸಂಗಡಿಗರು ಟಂಗ್‌ಸ್ಟನ್ನಿಗೆ ಟೈಟೇನಿಯಮ್ಮನ್ನು ಬೆರಸಿ, ೧೧೦೦ ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಒಂದು ವಾರವಿಟ್ಟರೂ ಹರಳುಗಳು ಸೂಕ್ಷ್ಮವಾಗಿಯೇ ಉಳಿದುದನ್ನು ತೋರಿಸಿದರು. ಅಚ್ಚು ಮುರಿದ ಕಾಲದಲ್ಲಿ ಹರಳು ಹುಟ್ಟುವುದೆಂಬ ಭಯವಿದ್ದಿತು. ಈಗ ಇರುವ ಹರಳನ್ನು ಬೆಳೆಯಗೊಡದಿರುವುದೇ ಕೆಲಸವಾಗಿದೆ.