ಗಿಣ್ಣು ಡಬ್ಬಿ ಸೇರಿದ ಕಥೆ

ಜಿಮ್‌ಗೆ ಹೋಗುವ ನಿಮ್ಮ ಗೆಳೆಯರ ಮನೆಯಲ್ಲಿ 'ಕೊಲಾಸ್ಟ್ರಮ್' ಎಂದು ಬರೆದ ಪುಡಿಯ ಡಬ್ಬಿ ನೋಡಿರುತ್ತೀರಿ. ಅದಕ್ಕೆ ಕನ್ನಡದಲ್ಲಿ ಹಳೆಯ ಹೆಸರೊಂದಿದೆ: ಗಿಣ್ಣು. ಹಸು ಈದ ಮೊದಲ ಎರಡು ಮೂರು ದಿನ ಕೊಡುವ ಮಂದವಾದ ಹಳದಿ ಹಾಲು. ಹಸು 'ಹೆತ್ತಿತು' ಅನ್ನುವುದಿಲ್ಲ, 'ಈಯಿತು' ಅನ್ನುತ್ತೇವೆ. ಈ ಮಾತನ್ನೂ ಇಟ್ಟುಕೊಳ್ಳಿ.

ನಮ್ಮ ಹಳ್ಳಿಗಳಲ್ಲಿ ಕರು ಕುಡಿದು ಉಳಿದ ಗಿಣ್ಣಿಗೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸುತ್ತಾರೆ. ಮೊಟ್ಟೆಯಿಲ್ಲ, ಹೆಪ್ಪಿಲ್ಲ, ಆದರೂ ಗಟ್ಟಿಯಾಗಿ ಕೂರುತ್ತದೆ. ಮೊದಲ ದಿನದ್ದು ತೀರಾ ಗಟ್ಟಿಯಾದೀತೆಂದು ಮಾಮೂಲಿ ಹಾಲು ಬೆರೆಸುವುದೂ ಉಂಟು. ತೆಲುಗರಿಗೆ ಇದು ಜುನ್ನು, ಮರಾಠಿಗರಿಗೆ ಖರವಸ. ಐಸ್‌ಲ್ಯಾಂಡಿನವರೂ ಇಂಥದ್ದೇ ಒಂದು ತಿನಿಸು ಮಾಡುತ್ತಾರೆ. ಯಾಕೆ ಗಟ್ಟಿಯಾಗುತ್ತದೆ ಗೊತ್ತೆ? ಗಿಣ್ಣಿನಲ್ಲಿ ಪ್ರೋಟೀನು ಬಹಳ; ಅದರಲ್ಲಿ ದೊಡ್ಡ ಪಾಲು ರೋಗ ತಡೆಯುವ ಪ್ರತಿಕಾಯಗಳದ್ದು. ಬಿಸಿ ತಾಗಿದರೆ ಅವು ರೂಪ ಕೆಟ್ಟು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇದನ್ನು ನೆನಪಿಟ್ಟಿರಿ, ಮುಂದೆ ಬೇಕಾಗುತ್ತದೆ.

ತಾಯಿಯ ಹಾಲಿನಿಂದ ಮರಿಗೆ ರೋಗ ತಡೆಯುವ ಶಕ್ತಿ ಹರಿಯುತ್ತದೆಂದು 1892ರಲ್ಲಿ ಇಲಿಗಳಲ್ಲಿ ತೋರಿಸಿದವರು ಜರ್ಮನಿಯ ಪಾಲ್ ಎರ್ಲಿಖ್. ಕರುವಿನ ವಿಷಯ ಖಚಿತವಾದದ್ದು ಅಮೆರಿಕದಲ್ಲಿ. ನ್ಯೂಜೆರ್ಸಿಯ ಪ್ರಿನ್ಸ್‌ಟನ್‌ನಲ್ಲಿದ್ದ ರಾಕೆಫೆಲ್ಲರ್ ಸಂಸ್ಥೆಯ ಪ್ರಾಣಿರೋಗ ವಿಭಾಗದಲ್ಲಿ ಥಿಯೋಬಾಲ್ಡ್ ಸ್ಮಿತ್ ಮತ್ತು ರಾಲ್ಫ್ ಲಿಟಲ್ ಕೆಲವು ಕರುಗಳಿಗೆ ಗಿಣ್ಣು ಕುಡಿಸಿದರು, ಕೆಲವಕ್ಕೆ ಕುಡಿಸಲಿಲ್ಲ. ಗಿಣ್ಣು ಸಿಗದ ಕರುಗಳಲ್ಲಿ ಬಹುಪಾಲು ಸತ್ತವು. 1922ರಲ್ಲಿ ಅದನ್ನು ಪ್ರಕಟಿಸಿದರು. ಇದೇ ಸ್ಮಿತ್ ಹಿಂದೆ ದನಗಳ ಟೆಕ್ಸಾಸ್ ಜ್ವರ ಉಣ್ಣಿಯಿಂದ ಹರಡುತ್ತದೆಂದು ತೋರಿಸಿದ್ದ ಗಟ್ಟಿಗ.

ನಿಮಗೆ ಪ್ರತಿಕಾಯಗಳು ಅಮ್ಮನ ಹೊಟ್ಟೆಯಲ್ಲಿದ್ದಾಗಲೇ ಬಂದಿದ್ದವು. ಕರುವಿಗೆ ಹಾಗಲ್ಲ, ಹಸುವಿನ ಮಾಸು ಅವನ್ನು ದಾಟಿಸುವುದಿಲ್ಲ. ಹುಟ್ಟಿದ ಸುಮಾರು 24 ಗಂಟೆಯವರೆಗೆ ಮಾತ್ರ ಕರುವಿನ ಕರುಳು ಅವನ್ನು ಇಡಿಯಾಗಿ ರಕ್ತಕ್ಕೆ ಬಿಟ್ಟುಕೊಳ್ಳುತ್ತದೆ, ಅದೂ ಗಂಟೆಗಂಟೆಗೂ ಕಡಿಮೆಯಾಗುತ್ತಾ. ಆಮೇಲೆ ಬಾಗಿಲು ಮುಚ್ಚಿತು.

ಹಾಗಾದರೆ ಮನುಷ್ಯರಿಗೂ ಉಪಯೋಗವಾದೀತೇ ಎಂಬ ಆಸೆ ಹುಟ್ಟಿತು. ಮುಂದೆ ಪೋಲಿಯೋ ಹನಿಗೆ ಹೆಸರಾದ ಆಲ್ಬರ್ಟ್ ಸೇಬಿನ್, ಪೋಲಿಯೋ ವಿರೋಧಿ ಅಂಶ ಕೆಲವು ಹಸುಗಳ ಹಾಲಿನಲ್ಲಿದೆ ಎಂದು 1950ರಲ್ಲಿ ಬರೆದರು. ಮಿನ್ನೆಸೋಟ ವಿಶ್ವವಿದ್ಯಾಲಯದ ವಿಲಿಯಂ ಪೀಟರ್ಸನ್, ಹಸುವಿಗೇ ಲಸಿಕೆ ಹಾಕಿ ಅದರ ಹಾಲನ್ನು ಮದ್ದಾಗಿಸಬಹುದೆಂದು ವಾದಿಸಿದರು. ಇತ್ತ ಹಾಲಿನ ಕಾನೂನುಗಳು ಗಿಣ್ಣನ್ನು ಮಾರುವ ಹಾಲಿಗೆ ಬೆರೆಸಕೂಡದು ಎನ್ನುತ್ತಿದ್ದವು. ಇಂದಿನ ದೊಡ್ಡ ತಳಿಯ ಹಸುಗಳು ಅನೇಕ ಸಲ ಕರುವಿಗೆ ಬೇಕಾದ್ದಕ್ಕಿಂತ ಹೆಚ್ಚು ಗಿಣ್ಣು ಕೊಡುತ್ತವೆ. ಮಿಕ್ಕದ್ದು ವ್ಯಾಪಾರದ ಸರಕಾಯಿತು.

ಕೊಟ್ಟಿಗೆಯಲ್ಲೇ ಅದನ್ನು ಬೇರೆ ಕರೆದು, ಬೇಗ ತಣಿಸಿ ಅಥವಾ ಹೆಪ್ಪುಗಟ್ಟಿಸಿ ಇಡಬೇಕು. ಗುಣ ಅಳೆಯಲು ಬ್ರಿಕ್ಸ್ ಮಾಪಕಕ್ಕೆ ಒಂದು ಹನಿ ಸಾಕು. 22 ಅಥವಾ ಮೇಲೆ ತೋರಿಸಿದರೆ ಒಳ್ಳೆಯ ಗಿಣ್ಣು. ಆಂಟಿಬಯೋಟಿಕ್ ಪರೀಕ್ಷೆ ಮುಖ್ಯ, ಏಕೆಂದರೆ ಹಾಲು ಬತ್ತಿಸುವ ಕಾಲದಲ್ಲಿ ಕೆಚ್ಚಲಿಗೆ ಹಾಕಿದ ಔಷಧಿ ಗಿಣ್ಣಿನಲ್ಲಿ ಉಳಿದಿರಬಹುದು. ಕಾರ್ಖಾನೆಯಲ್ಲಿ ಸಾಮಾನ್ಯವಾಗಿ ಕೊಬ್ಬನ್ನು ಬೇರ್ಪಡಿಸುತ್ತಾರೆ. ಕಷ್ಟ ಬರುವುದು ಆಮೇಲೆ. ರೋಗಾಣು ಸಾಯಬೇಕು, ಪ್ರತಿಕಾಯ ಉಳಿಯಬೇಕು. ಹೆಚ್ಚು ಬಿಸಿ ಮಾಡಿದರೆ ಅಜ್ಜಿಯ ಪಾತ್ರೆಯ ಗಿಣ್ಣಾಗಿಬಿಡುತ್ತದೆ! ಡೈರಿಗಳಲ್ಲಿ ಕರುಗಳಿಗೆ ಕುಡಿಸುವ ಗಿಣ್ಣನ್ನು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ 60 ನಿಮಿಷ ಇಡುವ ಪದ್ಧತಿ ಬಂದದ್ದು ಇದೇ ಕಾರಣಕ್ಕೆ. ಪುಡಿಗಾಗಿ ಬಿಸಿಗಾಳಿಯಲ್ಲಿ ಸಿಂಪಡಿಸಿ ಒಣಗಿಸುತ್ತಾರೆ. ಇಲ್ಲವೇ ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ನೀರು ತೆಗೆಯುತ್ತಾರೆ. ಎರಡನೆಯದು ದುಬಾರಿ, ಎರಡನೆಯ ಮಹಾಯುದ್ಧದಲ್ಲಿ ರಕ್ತದ ಪ್ಲಾಸ್ಮಾ ಒಣಗಿಸಿದ್ದು ಆ ವಿಧಾನದಿಂದಲೇ.

ಇಷ್ಟು ಜತನದಿಂದ ಉಳಿಸಿದ ಪ್ರತಿಕಾಯಗಳು ನಿಮ್ಮ ರಕ್ತ ಸೇರುತ್ತವೆಯೇ? ಇಲ್ಲ. ದೊಡ್ಡವರ ಹೊಟ್ಟೆ ಅವುಗಳಲ್ಲಿ ಹೆಚ್ಚಿನದನ್ನು ಬೇಳೆಯ ಪ್ರೋಟೀನಿನಂತೆಯೇ ಅರಗಿಸುತ್ತದೆ. ಉಳಿದ ಅಲ್ಪಸ್ವಲ್ಪ ಕರುಳಿನೊಳಗೇ ಕೆಲಸ ಮಾಡೀತು. ಡಬ್ಬಿಯ ಮೇಲಿನ ದೊಡ್ಡ ಮಾತುಗಳನ್ನು ನಾನಂತೂ ನಂಬುವುದಿಲ್ಲ.

ಪ್ರತಿಕಾಯ ಅತಿ ಹೆಚ್ಚಿರುವುದು ಮೊದಲ ಸಲ ಕರೆದ ಗಿಣ್ಣಿನಲ್ಲಿ. ಎರಡನೆಯ ಸಲಕ್ಕೇ ಬಹಳ ಇಳಿಯುತ್ತದೆ. ಕಂಪನಿಗೆ ಬೇಕಾದ್ದೂ ಅದೇ, ಕರುವಿಗೆ ಬೇಕಾದ್ದೂ ಅದೇ. ದೊಡ್ಡ ತಳಿಯ ಕರುವಿಗೆ ಮೊದಲ ಕೆಲವು ಗಂಟೆಗಳಲ್ಲೇ ಮೂರು ನಾಲ್ಕು ಲೀಟರ್ ಸಿಗಬೇಕು. 'ಮೊದಲ ಹಾಲಿನದ್ದು' ಎಂದು ಡಬ್ಬಿ ಹೊಗಳಿಕೊಂಡಿದ್ದರೆ, ಕರುವಿಗೆ ಎಷ್ಟು ಕುಡಿಸಿದ ಮೇಲೆ ತೆಗೆದದ್ದು ಎಂದು ಕಂಪನಿಗೆ ಬರೆದು ಕೇಳಿ.