ಹೊಸಿಲಿನಾಚೆಯ ಆರಾಧನೆ: ಕರ್ನಾಟಕದ ಕ್ರೈಸ್ತ ಪೂಜಾವಿಧಿಯ ಹೊಸ ರೂಪಗಳು

ಭಾನುವಾರದ ಪೂಜೆಗೆ ಬಾರದವರನ್ನು ತಲುಪುವ ಕ್ರೈಸ್ತ ಆರಾಧನೆಯ ಚರ್ಚೆಯನ್ನು 2004ರಲ್ಲಿ ಚರ್ಚ್ ಆಫ್ ಇಂಗ್ಲೆಂಡ್ ಹೊರತಂದ 'ಮಿಷನ್-ಶೇಪ್ಡ್ ಚರ್ಚ್' ವರದಿಯಿಂದಲೇ ಆರಂಭಿಸುವುದು ಈಗ ವಾಡಿಕೆಯಾಗಿದೆ. ಕಾಫಿ ಅಂಗಡಿಯಲ್ಲಿ, ಶಾಲೆಯ ಕೋಣೆಯಲ್ಲಿ ಕೂಡುವ ಸಣ್ಣ ಕೂಟಗಳಿಗೂ ಸಭೆಯ ಮಾನ್ಯತೆ ಸಲ್ಲಬೇಕೆಂದ ಆ ವರದಿ ತನ್ನ ನಾಡಿನ ಮಟ್ಟಿಗೆ ಮಹತ್ವದ್ದೇ ಹೌದು. ಅದನ್ನೇ ಅಳತೆಗೋಲಾಗಿ ಹಿಡಿದು ಬೆಂಗಳೂರಿನ ಗಿಟಾರು-ಪರದೆಗಳ ಇಂಗ್ಲಿಷ್ ಕೂಟಗಳನ್ನಷ್ಟೇ ಹೊಸತೆಂದು ಎಣಿಸುವವರು ಈ ನೆಲದಲ್ಲಿ ಅದಕ್ಕೂ ಬಹು ಹಿಂದೆ ನಡೆದ ಪ್ರಯೋಗಗಳನ್ನು ಗಣನೆಗೇ ತೆಗೆದುಕೊಂಡಿಲ್ಲ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಜರ್ಮನ್ ರಾಗಗಳಿಗೆ ಕನ್ನಡದ ಮಾತು ಹೊಂದಿಸಿ ಹಾಡಿಸಿತು. ಅದೇ ಮಿಷನ್ನಿನ ಕಿಟೆಲ್ ಮಾತ್ರ 1862ರ 'ಕಥಾಮಾಲೆ'ಯಲ್ಲಿ ಯೇಸುವಿನ ಚರಿತೆಯನ್ನು ದೇಸಿ ಛಂದಸ್ಸಿಗೆ ಇಳಿಸಿ ಬೇರೊಂದು ದಾರಿ ತೋರಿದರು. 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಯು 1950ರಲ್ಲಿ ಹೊರತಂದ ಕರ್ತನ ಭೋಜನದ ವಿಧಿ, ಕೈಯಿಂದ ಕೈಗೆ ಶಾಂತಿವಂದನೆಯನ್ನು ದಾಟಿಸುವ ಪ್ರಾಚೀನ ಕ್ರಮದಿಂದಾಗಿ ಹೊರನಾಡುಗಳಲ್ಲೂ ಮೆಚ್ಚುಗೆ ಪಡೆಯಿತಾದರೂ, ಅದು ಒಳಗಿದ್ದವರಿಗಾಗಿ ರೂಪಿಸಿದ ವಿಧಿಯೇ ಆಗಿತ್ತು.

ನಿಜವಾದ ತಿರುವು ಬಂದದ್ದು ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಪೂಜಾವಿಧಿಯ ಸುಧಾರಣೆಗೆ ಬಾಗಿಲು ತೆರೆದ ಮೇಲೆ. 1967ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ, ಎನ್.ಬಿ.ಸಿ.ಎಲ್.ಸಿ. ಎಂದೇ ಪರಿಚಿತವಾದ ಬೈಬಲ್, ಧರ್ಮೋಪದೇಶ ಹಾಗೂ ಪೂಜಾವಿಧಿಯ ರಾಷ್ಟ್ರೀಯ ಕೇಂದ್ರವನ್ನು ಕಟ್ಟಿದ ಡಿ.ಎಸ್. ಅಮಲೋರ್ಪವದಾಸ್ ಅವರು, 'ಇನ್‌ಕಲ್ಚರೇಷನ್' ಅಂದರೆ ಸುವಾರ್ತೆಯು ಒಂದು ಸಂಸ್ಕೃತಿಯೊಳಗೆ ಬೇರೂರಿ ಅದರದೇ ಫಲವಾಗಿ ಮೂಡಿಬರುವುದು ಎಂಬ ವಿಚಾರಕ್ಕೆ ಪೂಜೆಯ ರೂಪವನ್ನೇ ಕೊಟ್ಟರು. 1969ರ ಏಪ್ರಿಲ್‌ನಲ್ಲಿ ರೋಮ್ ಒಪ್ಪಿದ ಹನ್ನೆರಡು ಅಂಶಗಳ ಪ್ರಕಾರ ಪಾದರಕ್ಷೆ ಕಳಚಿ ನೆಲದ ಮೇಲೆ ಕುಳಿತು ಬಲಿಪೂಜೆಯಲ್ಲಿ ಭಾಗವಹಿಸುವುದಕ್ಕೂ, ಮೊಣಕಾಲೂರುವ ಬದಲು ಕೈಮುಗಿಯುವುದಕ್ಕೂ, ಮೇಣದ ಬತ್ತಿಯ ಬದಲು ಎಣ್ಣೆದೀಪ ಬೆಳಗುವುದಕ್ಕೂ, ಹೂ, ಧೂಪ, ದೀಪಗಳ ಆರತಿಗೂ ಅವಕಾಶವಾಯಿತು. ಇದನ್ನು ವೇಷಬದಲಾವಣೆ ಎಂದು ಹಗುರವಾಗಿ ಕಂಡವರು, ಚರ್ಚಿನ ಬೆಂಚು ಪರಕೀಯವೆನಿಸಿದ ಅನ್ಯಧರ್ಮೀಯನೊಬ್ಬ ನೆಲದ ಚಾಪೆಯ ಮೇಲೆ ಸಂಕೋಚವಿಲ್ಲದೆ ಕೂರಬಲ್ಲನೆಂಬ ಸರಳ ಸಂಗತಿಯನ್ನು ಗಮನಿಸಲಿಲ್ಲ. ಪೂಜೆಯಲ್ಲಿ ಬೈಬಲೇತರ ಧರ್ಮಗ್ರಂಥಗಳ ಪಠಣವನ್ನು 1975ರಲ್ಲಿ ರೋಮ್ ತಡೆದಾಗ ಪ್ರಯೋಗದ ಕಾವು ಇಳಿಯಿತು. ಮೈಸೂರಿನಲ್ಲಿ ಅಮಲೋರ್ಪವದಾಸ್ ನೆಲೆಗೊಳಿಸಿದ ಅಂಜಲಿ ಆಶ್ರಮದ ಧ್ಯಾನ ಮತ್ತು ಸತ್ಸಂಗಗಳಲ್ಲಿ, ಸಿಲ್ವೇಪುರದಲ್ಲಿ ಕಲಾವಿದ ಜ್ಯೋತಿ ಸಾಹಿಯವರ ಚಿತ್ರಗಳಲ್ಲಿ ಅದರ ಸತ್ವ ಮುಂದುವರಿಯಿತು. 1990ರಲ್ಲಿ ಅಪಘಾತದಲ್ಲಿ ಅಮಲೋರ್ಪವದಾಸ್ ತೀರಿಕೊಂಡ ಮೇಲೆ ಆ ಎತ್ತರದ ಚಿಂತನೆ ಮತ್ತೆ ಕಾಣಲಿಲ್ಲ.

ಈ ಇನ್‌ಕಲ್ಚರೇಷನ್ ಪಂಥದ ಮೇಲಿನ ಗಂಭೀರ ಆಕ್ಷೇಪ ಬೆಂಗಳೂರಿನಿಂದಲೇ ಬಂತು. ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ 1981ರಲ್ಲಿ ಉಪನ್ಯಾಸ ನೀಡಿದ ಅರವಿಂದ ನಿರ್ಮಲ್ ಮತ್ತು ಅವರ ನಂತರದ ದಲಿತ ದೇವಶಾಸ್ತ್ರಜ್ಞರು, 'ಭಾರತೀಯ' ಎಂದರೆ ಸಂಸ್ಕೃತ ಮತ್ತು ವೇದಾಂತ ಎಂದಷ್ಟೇ ತಿಳಿಯುವುದು ಸಭೆಯ ಬಹುಸಂಖ್ಯಾತರ ಬದುಕನ್ನು ಮರೆತಂತೆ ಎಂದು ವಾದಿಸಿದರು. ಆಕ್ಷೇಪದಲ್ಲಿ ತಥ್ಯವಿದೆ, ಆದರೆ ಅದನ್ನು ಮುಂದಿಟ್ಟವರೂ ದಲಿತರ ತಮಟೆಯ ಲಯದ ಬಗ್ಗೆ ಬರೆದಷ್ಟು ಅದನ್ನು ಪೂಜೆಗೆ ತರಲಿಲ್ಲ.

ವಿದ್ವಾಂಸರು ಹೀಗೆ ವಾದದಲ್ಲಿ ತೊಡಗಿದ್ದಾಗ ಜನ ತಮ್ಮ ದಾರಿ ಕಂಡುಕೊಂಡಿದ್ದರು. ವಿವೇಕನಗರದ ಬಾಲಯೇಸುವಿನ ಗುರುವಾರದ ನೊವೇನಾ ಪ್ರಾರ್ಥನೆ, ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ ಸೆಪ್ಟೆಂಬರ್ 8ರ ಹಬ್ಬಕ್ಕೆ ಕಾವಿ ಉಟ್ಟು ಬರುವ ಹರಕೆಯವರು, ತುಳುನಾಡಿನವರು 'ಸಾಂತ್‌ಮಾರಿ' ಎಂದು ಕರೆಯುವ ಕಾರ್ಕಳದ ಅತ್ತೂರಿನ ಜಾತ್ರೆ, ಇವೆಲ್ಲ ಜ್ಞಾನಸ್ನಾನದ ಗೆರೆಯಾಚೆಯವರನ್ನು ಯಾವ ವರದಿಯ ನೆರವೂ ಇಲ್ಲದೆ ಸೆಳೆದಿವೆ. ಇವನ್ನು ಮೂಢಭಕ್ತಿಯೆಂದು ಬದಿಗೆ ಸರಿಸಿದ್ದು ಪೂಜಾವಿಧಿಶಾಸ್ತ್ರದ ದೊಡ್ಡ ಲೋಪ.

ಇನ್ನೂ ಒಂದು ಕೊರತೆ ಉಳಿದಿದೆ. ವಚನ, ತತ್ವಪದ, ಹರಿಕಥೆಗಳ ನಾಡಿನಲ್ಲಿ ನಡೆದ ಈ ಸುಧಾರಣೆ ಆರತಿಗೆ ಕೊಟ್ಟ ಗಮನವನ್ನು ಕನ್ನಡದ ನುಡಿಗೆ ಕೊಡಲಿಲ್ಲ. 1969ರ ಹನ್ನೆರಡು ಅಂಶಗಳಲ್ಲಿ ಹೆಚ್ಚಿನವು ದೇಹದ ಭಂಗಿಗೆ, ವಸ್ತ್ರಕ್ಕೆ, ತಟ್ಟೆ ದೀಪಗಳಿಗೆ ಸಂಬಂಧಿಸಿದವು; ಪ್ರಾರ್ಥನೆಯ ಮಾತನ್ನು ಮುಟ್ಟುವುದು, ವಿಶ್ವಾಸಿಗಳ ಕೋರಿಕೆಯನ್ನು ತುಸು ಸ್ವತಂತ್ರವಾಗಿ ಹೇಳಬಹುದೆಂಬ ಒಂದೇ ಒಂದು ಅಂಶ.